ಅನಿಲ ಮಾಪಕದ ಸೊನ್ನೆಯನ್ನು ನಂಬುವ ಮುನ್ನ

ಪಲ್ಪರ್ ನೀರಿನ ಹೊಂಡದ ಗಸಿ ತೆಗೆಯಲು, ಗೋಬರ್ ಗ್ಯಾಸ್ ಗುಂಡಿ ಶುಚಿ ಮಾಡಲು ಆಳುಗಳನ್ನು ಇಳಿಸುವ ಮುನ್ನ ಗಾಳಿ ಪರೀಕ್ಷಿಸುವುದಕ್ಕೆ ಕೈಯಲ್ಲಿ ಹಿಡಿಯುವ ಅನಿಲ ಮಾಪಕವುಂಟು. ಬೆಳೆಗಾರ ಬಾಂಧವರು ಅದನ್ನು ಕೊಂಡರೆ ಸಾಲದು. ಅದರೊಳಗಿನ ಸಂವೇದಕಗಳು (ಸೆನ್ಸರ್) ಜೀವಂತವಾಗಿವೆಯೇ ಎಂದು ನೋಡುತ್ತಿರತಕ್ಕದ್ದು.

ಸಾಮಾನ್ಯ ಮಾಪಕವು ಆಮ್ಲಜನಕ, ಮಿಥೇನಿನಂತಹ ಉರಿಯುವ ಅನಿಲ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್ ಈ ನಾಲ್ಕನ್ನು ತೋರಿಸುತ್ತದೆ. ಬಯಲು ಗಾಳಿಯಲ್ಲಿ ಆಮ್ಲಜನಕ ಶೇಕಡಾ 20.9, ಉಳಿದವು ಸೊನ್ನೆ. ಅಪಾಯವಿರುವುದು ಈ ಸೊನ್ನೆಯಲ್ಲೇ. ಹೈಡ್ರೋಜನ್ ಸಲ್ಫೈಡ್ ಸಂವೇದಕ ಸತ್ತಿದ್ದರೂ ಅದು ತೋರಿಸುವುದು ಸೊನ್ನೆಯನ್ನೇ! ಮೂಗನ್ನು ನಂಬೋಣವೆಂದರೆ, ಕೊಳೆತ ಮೊಟ್ಟೆಯ ಆ ವಾಸನೆ ಹತ್ತು ಲಕ್ಷಕ್ಕೆ ಸುಮಾರು 100 ಭಾಗವಾಗುವಾಗ ಮೂಗಿಗೇ ತಿಳಿಯದಂತಾಗುತ್ತದೆ.

ಆದ್ದರಿಂದ ಬಳಸುವ ದಿನ ಮೊದಲು ಪರೀಕ್ಷಾ ಅನಿಲದ ಸಣ್ಣ ಸಿಲಿಂಡರಿನಿಂದ ಸ್ವಲ್ಪ ಅನಿಲ ಹಾಯಿಸಿ ಗಂಟೆ ಬಾರಿಸುತ್ತದೆಯೇ ನೋಡಬೇಕು. ಬಾರಿಸದಿದ್ದರೆ ಅಳತೆ ಸರಿಪಡಿಸಬೇಕು. ಅದಕ್ಕೂ ಬಗ್ಗದಿದ್ದರೆ ಸಂವೇದಕ ಬದಲಿಸಬೇಕು. ಸಿಲಿಂಡರಿಗೂ ಅವಧಿಯುಂಟು, ಅದರ ಮೇಲಿನ ತಾರೀಖು ಓದಿ. ಒಬ್ಬೊಬ್ಬರಿಗೆ ಇದು ದುಬಾರಿ. ನಾಲ್ಕಾರು ಮನೆಯವರು ಸೇರಿ ಒಂದನ್ನು ತರಿಸುವುದು ಲೇಸು. ಸಿಗರೇಟ್ ಲೈಟರಿನ ಅನಿಲ ಬಿಟ್ಟು ನೋಡುವ ಜಾಣತನ ಬೇಡ. ಅದು ಉರಿಯುವ ಅನಿಲದ ಸಂವೇದಕವನ್ನೇ ಕೆಡಿಸಬಲ್ಲದು.

ಇದೇ ಸಂವೇದಕಕ್ಕೆ ಸಿಲಿಕೋನ್ ವಿಷ. ಜೀಪಿಗೆ ಹಾಕುವ ಪಾಲಿಷ್, ಕೆಲವು ಗ್ರೀಸು, ಸ್ಪ್ರೇಗಳಲ್ಲಿ ಅದಿರುವುದರಿಂದ ಮಾಪಕವನ್ನು ಅವುಗಳ ಜೊತೆ ಇಡಕೂಡದು. ಸ್ಪಿರಿಟ್ಟಿನಿಂದ ಒರೆಸಲೂ ಬಾರದು. ಒದ್ದೆ ಬಟ್ಟೆ ಸಾಕು. ಮಳೆಗಾಲದ ತೇವವೂ ಕಾಫಿ ಹೊಟ್ಟಿನ ಧೂಳೂ ಮುಂದಿನ ಜರಡಿಯನ್ನು ಕಟ್ಟಿಬಿಡುತ್ತವೆ. ಸೂಜಿಯಿಂದ ಚುಚ್ಚದೆ ಜರಡಿಯನ್ನೇ ಬದಲಿಸಿ. ಒಳಗಿನ ದ್ರಾವಣ ಆರದಂತೆ ಬಿಸಿಲು ಬೀಳುವ ಕಣದಿಂದಲೂ ಜೀಪಿನ ಮುಂಭಾಗದಿಂದಲೂ ದೂರವಿಡಿ.

ಸೀಸವಿರುವ ಆಮ್ಲಜನಕ ಸಂವೇದಕವಂತೂ ಬೀರುವಿನಲ್ಲಿದ್ದರೂ ಸವೆಯುತ್ತದೆ. ಸಾಮಾನ್ಯವಾಗಿ ಎರಡು ವರ್ಷದ ಬಾಳಿಕೆ. ಹಾಕಿಸಿದ ತಾರೀಖನ್ನು ತೋಟದ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಮಾಪಕವನ್ನು ಶುರುಮಾಡುವುದು ಬಯಲಿನಲ್ಲಿ, ಡೀಸೆಲ್ ಎಂಜಿನ್ನಿನ ಹೊಗೆಯ ಪಕ್ಕದಲ್ಲಲ್ಲ.

ಗುಂಡಿಗೆ ಮೊದಲು ಇಳಿಯಬೇಕಾದದ್ದು ಹಗ್ಗಕ್ಕೆ ಕಟ್ಟಿದ ಮಾಪಕ. ಮೇಲೆ, ನಡುವೆ, ತಳದಲ್ಲಿ ಒಂದೆರಡು ನಿಮಿಷ ನಿಲ್ಲಿಸಿ ನೋಡಿ. ಮೊದಲು ಓದಬೇಕಾದದ್ದು ಆಮ್ಲಜನಕ. ಅದು ಕಡಿಮೆಯಿದ್ದರೆ ಉರಿಯುವ ಅನಿಲದ ಅಳತೆಯೂ ತಪ್ಪುತ್ತದೆ. 19.5ಕ್ಕಿಂತ ಕೆಳಗಿದ್ದರೆ ಯಾರೂ ಇಳಿಯತಕ್ಕದ್ದಲ್ಲ.