ಎರಿ ಮಣ್ಣಾಗ ಪಾಮ್ ಗಿಡ

ಹುಬ್ಬಳ್ಳಿಯ ನಮ್ಮ ಮನೆಗೂ ಧಾರವಾಡದಲ್ಲಿರುವ ಅಕ್ಕನ ಮನೆಗೂ ಒಂದೇ ನರ್ಸರಿಯಿಂದ ಫಾಕ್ಸ್‌ಟೇಲ್ ಪಾಮ್ ತಂದೆವು. ಆಸ್ಟ್ರೇಲಿಯಾದ ಕೇಪ್ ಮೆಲ್ವಿಲ್‌ನ ಬಂಡೆಗಳ ನಡುವೆ ಬೆಳೆಯುವ ಈ ಜಾತಿಗೆ ಸಸ್ಯಶಾಸ್ತ್ರದಲ್ಲಿ ಹೆಸರು ಸಿಕ್ಕಿದ್ದೇ 1983ರಲ್ಲಿ. ಈಗ ಹೊಸ ಲೇಔಟುಗಳಲ್ಲಿ ಗೇಟಿಗೊಂದರಂತೆ ನಿಂತಿದೆ. ಕಲ್ಲುಸಂದಿಯ ಗಿಡ, ಬಿಸಿಲಿಗೆ ಬಗ್ಗುವುದಿಲ್ಲ. ಬುಡದಲ್ಲಿ ನೀರು ನಿಂತರೆ ಮಾತ್ರ ಆಗದು.

ನಮ್ಮದೋ ಎರೆಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಂಡು ನೀರನ್ನು ಕೆಳಗಿಳಿಯಗೊಡುವುದಿಲ್ಲ. ಇಂಥಲ್ಲಿ ಗುಂಡಿ ತೋಡಿ ಮಸಾರಿ ಮಣ್ಣು ತುಂಬಿದರೆ ಮಳೆಗಾಲಕ್ಕೆ ಅದೇ ಹೊಂಡ. ಅದಕ್ಕೇ ನೆಲದ ಮೇಲೆ ಮೊಣಕಾಲೆತ್ತರ ದಿಬ್ಬ ಹಾಕಿ ನೆಟ್ಟೆವು. ಗೊಬ್ಬರ ಪೂರ್ತಿ ಕಳಿತದ್ದೇ ಆಗಬೇಕು. ಅರೆಬರೆ ತಿಪ್ಪೆಗೊಬ್ಬರದ ಜೊತೆ ಸುಳಿ ಕೊರೆಯುವ ದುಂಬಿಯ ಹುಳವೂ ಬರುತ್ತದೆ. ಈ ಗಿಡಕ್ಕೆ ಇರುವುದು ಒಂದೇ ಸುಳಿ. ಅದು ಹೋದರೆ ಗಿಡವೇ ಹೋಯಿತು.

ಬೇರು ದಿಬ್ಬ ದಾಟಿ ಎರೆಗಿಳಿದ ಮೇಲೆ ನಮ್ಮದರ ಹೊಸ ಗರಿ ಬಿಳಿಚಿಕೊಂಡಿತು: ನರ ಹಸಿರು, ನಡುವೆಲ್ಲ ಹಳದಿ. ಅಷ್ಟರಲ್ಲಿ ಅಕ್ಕನ ಫೋನು: "ನಮ್ದರ ಹಳೇ ಗರಿ ಮ್ಯಾಲ ಕಿತ್ತಳಿ ಚುಕ್ಕಿ ಬಿದ್ದಾವ, ತುದಿ ಒಣಗ್ಯಾವ. ಹೊಸಾವು ಚೊಲೋನ ಅದಾವ ನೋಡು."

ಇಪ್ಪತ್ತು ಕಿಲೋಮೀಟರ್ ಅಂತರದಲ್ಲಿ ರೋಗವೇ ಬೇರೆ. ನಮ್ಮ ಎರೆಮಣ್ಣು ಕ್ಷಾರ, ಮೇಲೆ ಬೋರಿನ ಗಡಸು ನೀರು. ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕದು. ಹಳೇ ಗರಿಯಲ್ಲಿದ್ದ ಕಬ್ಬಿಣ ಹೊಸದಕ್ಕೆ ಸಾಗುವುದೂ ಇಲ್ಲ, ಹಾಗಾಗಿ ಎಳೆಯದೇ ಸೊರಗುತ್ತದೆ. ಅಕ್ಕನ ಹಿತ್ತಲಿನದು ಕೆಂಪು ಮಣ್ಣು, ಪೊಟ್ಯಾಶ್ ಮಳೆಯಲ್ಲಿ ತೊಳೆದುಹೋಗುತ್ತದೆ. ಆಗ ಗಿಡ ಹಳೇ ಗರಿಯಿಂದಲೇ ಅದನ್ನು ಹೀರಿ ಸುಳಿಗೆ ಉಣಿಸುತ್ತದೆ. ನಾವು ಹಿಡಿದಿಟ್ಟ ಮಳೆನೀರಲ್ಲಿ ಫೆರಸ್ ಸಲ್ಫೇಟ್ ತೆಳುವಾಗಿ ಕಲಸಿ ಗರಿಗೆ ಸಿಂಪಡಿಸಿದೆವು. ಅಕ್ಕ ಪೊಟ್ಯಾಶಿನ ಜೊತೆ ಸ್ವಲ್ಪ ಮೆಗ್ನೀಸಿಯಂ ಸಲ್ಫೇಟ್ ಬುಡಕ್ಕೆ ಕೊಟ್ಟಳು. ಚುಕ್ಕೆ ಬಿದ್ದ ಗರಿ ಮತ್ತೆ ಹಸಿರಾಗುವುದಿಲ್ಲ, ಮುಂದೆ ಬರುವ ಗರಿ ನೋಡಿಯೇ ಗುಣ ತಿಳಿಯಬೇಕು. ಪಾಮ್ ಬೆಳೆಸುವವರಿಗೆ ಅವಸರ ನಡೆಯದು.

ಅಕ್ಕನ ಮಾಲಿ ಮಾತ್ರ ಕುಡುಗೋಲು ಹಿಡಿದೇ ಬರುತ್ತಾನೆ: "ಚುಕ್ಕಿ ಬಿದ್ದಾವು ಕಡದ ಬಿಡ್ಲ್ಯಾ ಬಾಯಾರ?" ಕಡಿದರೆ ಸುಳಿಯ ಬುತ್ತಿಯನ್ನೇ ಕಸಿದಂತೆ. ಪೂರ್ತಿ ಕಂದು ಬಣ್ಣಕ್ಕೆ ತಿರುಗಿದ ಗರಿ ತಾನೇ ಕಳಚಿ ಬೀಳುತ್ತದೆ.

ಗಣಪತಿ ಹಬ್ಬದಲ್ಲಿ ಓಣಿಯ ಹುಡುಗರು ಮಂಟಪಕ್ಕೆಂದು ಹಸಿರು ಗರಿ ಕೇಳಿ ಬರುತ್ತಾರೆ. ಬಾಳೆಕಂಬ ಎಷ್ಟು ಬೇಕಾದರೂ ಒಯ್ಯಿರಿ ಎನ್ನುತ್ತೇನೆ.