ಎಮ್ಮೆಗೆ ಸೂಜಿ, ಹಾಲಿಗೂ ಔಷಧ

ಯರಗೇರಾ, ಮಾನ್ವಿ, ದೇವದುರ್ಗದ ಕಡೆ ಎಮ್ಮೆ ಕಟ್ಟಿದ ಮನೆಗಳಿಗೆ ಕೆಚ್ಚಲು ಬಾವು ಹೊಸದಲ್ಲ. ಪಶುವೈದ್ಯರು ಆಂಟಿಬಯಾಟಿಕ್ ಸೂಜಿ ಹಾಕುತ್ತಾರೆ, ಬಾವು ಇಳಿಯುತ್ತದೆ. ಆದರೆ ಆ ಹಾಲಿಗೆ ಹಾಕಿದ ಹೆಪ್ಪು ಬೆಳಗಾದರೂ ಗಟ್ಟಿಯಾಗುವುದಿಲ್ಲ. ಹೆಪ್ಪಿನ ತಪ್ಪೆಂದುಕೊಳ್ಳಬೇಡಿ. ಹಾಲಿಗೆ ಇಳಿದ ಔಷಧ ಮೊಸರಿನ ಸೂಕ್ಷ್ಮಜೀವಿಗಳನ್ನೂ ಕೊಂದಿರಬಹುದು.

ಔಷಧ ಹಾಲಿಗೆ ಬರುವುದು ಹೇಗೆ?

ಮಾಂಸಖಂಡಕ್ಕೆ ಚುಚ್ಚಿದ ಔಷಧ ಅಲ್ಲಿನ ಸಣ್ಣ ರಕ್ತನಾಳಗಳ ಮೂಲಕ ರಕ್ತ ಸೇರಿ ಇಡೀ ದೇಹ ಸುತ್ತುತ್ತದೆ, ಕೆಚ್ಚಲಿಗೂ ಹೋಗುತ್ತದೆ. ಸೋಡಿಯಂ ಪೆನಿಸಿಲಿನ್ ಬೇಗ ರಕ್ತ ಸೇರಿ, ಬೇಗನೆ ಮೂತ್ರದಲ್ಲಿ ಹೊರಬೀಳುತ್ತದೆ. ಪ್ರೊಕೇನ್ ಪೆನಿಸಿಲಿನ್ ಚುಚ್ಚಿದ ಜಾಗದಲ್ಲೇ ಕುಳಿತು ನಿಧಾನವಾಗಿ ಕರಗುತ್ತದೆ. ದೀರ್ಘಕಾಲ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಹಲವು ದಿನ ಉಳಿಯುತ್ತದೆ. ಚುಚ್ಚುವ ಜಾಗವೂ ಮುಖ್ಯ. ಕುದುರೆಗಳಲ್ಲಿ ಪ್ರೊಕೇನ್ ಪೆನಿಸಿಲಿನ್ ಹಿಂಭಾಗದ ಸ್ನಾಯುವಿಗಿಂತ ಕತ್ತಿನ ಸ್ನಾಯುವಿನಿಂದ ಬೇಗ ರಕ್ತ ಸೇರುತ್ತದೆಂದು ಕಂಡುಬಂದಿದೆ. ಮೊಲೆಯ ತೊಟ್ಟಿನೊಳಗೆ ಏರಿಸುವ ಟ್ಯೂಬ್ ಔಷಧವಂತೂ ನೇರವಾಗಿ ಹಾಲಿಗೇ ಬೆರೆಯುತ್ತದೆ.

ಆದ್ದರಿಂದ ಬಾವು ಇಳಿದ ದಿನವೇ ಔಷಧ ಹೊರಹೋದ ದಿನವಲ್ಲ.

ಕುದಿಸಿದರೆ ಸಾಲದೇ?

ಸಾಲದು. ಕುದಿಸಿದರೆ ರೋಗಾಣು ಸಾಯುತ್ತವೆ, ಔಷಧ ಪೂರ್ತಿ ನಾಶವಾಗುವುದಿಲ್ಲ. ಪೆನಿಸಿಲಿನ್ ಒಗ್ಗದವರಿಗೆ ಇಂಥ ಹಾಲಿನಿಂದ ಮೈಮೇಲೆ ದದ್ದು, ತುರಿಕೆ ಬರಬಹುದು. ಅಲ್ಪ ಪ್ರಮಾಣದ ಔಷಧ ಮತ್ತೆ ಮತ್ತೆ ಹೊಟ್ಟೆಗೆ ಹೋದರೆ ರೋಗಾಣುಗಳು ಅದಕ್ಕೆ ಬಗ್ಗದಂತಾಗುವ ಅಪಾಯವೂ ಇದೆ. ಆಮೇಲೆ ಮಗುವಿಗೆ ಜ್ವರ ಬಂದಾಗ ಆ ಮದ್ದು ನಾಟದೇ ಹೋಗಬಹುದು.

2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ದೇಶದಾದ್ಯಂತ ಪರೀಕ್ಷಿಸಿದ 6,432 ಹಾಲಿನ ಮಾದರಿಗಳಲ್ಲಿ 77ರಲ್ಲಿ ಆಂಟಿಬಯಾಟಿಕ್ ಮಿತಿ ಮೀರಿತ್ತು. ಸಂಖ್ಯೆ ಸಣ್ಣದು; ಆದರೆ ಒಂದು ಎಮ್ಮೆಯ ಹಾಲು ಡೇರಿಯ ಇಡೀ ಕ್ಯಾನಿಗೆ ಬೆರೆಯುತ್ತದೆಂಬುದನ್ನು ಮರೆಯಬೇಡಿ.

ನೀವೇನು ಮಾಡಬೇಕು?

1. ಸೂಜಿ ಹಾಕಿಸಿದಾಗಲೇ "ಎಷ್ಟು ದಿನ ಹಾಲು ಬಳಸಬಾರದು?" ಎಂದು ವೈದ್ಯರನ್ನು ಕೇಳಿ, ಆ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

2. ಔಷಧದ ಚೀಟಿಯಲ್ಲಿ ಅವಧಿ ನಮೂದಾಗಿರದಿದ್ದರೆ, 2012ರಲ್ಲಿ ಬಂದ ನಿಯಮದಂತೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ ಬಿಡಬೇಕು.

3. ಆ ದಿನಗಳಲ್ಲೂ ಹಾಲು ಕರೆಯುವುದನ್ನು ನಿಲ್ಲಿಸಬೇಡಿ. ನಿಲ್ಲಿಸಿದರೆ ಬಾವು ಹೆಚ್ಚುತ್ತದೆ. ಕರೆದ ಹಾಲನ್ನು ಮನೆಗೂ ಡೇರಿಗೂ ಕೊಡದೆ ಚೆಲ್ಲಿರಿ.

4. ಹೆಪ್ಪು ಗಟ್ಟಿಯಾಯಿತೆಂದ ಮಾತ್ರಕ್ಕೆ ಹಾಲು ಶುದ್ಧವಾಯಿತೆಂದು ನಂಬಬೇಡಿ. ಅಲ್ಪ ಔಷಧವಿದ್ದರೂ ಮೊಸರು ಆಗಬಹುದು.

ಒಂದೇ ಎಮ್ಮೆಯ ಮನೆಗೆ ವಾರದ ಹಾಲು ಸಣ್ಣ ನಷ್ಟವಲ್ಲ, ನಿಜ. ಆದರೆ ಆ ಹಾಲು ಯಾರದೋ ಮನೆಯ ಮಗುವಿನ ಲೋಟ ಸೇರುತ್ತದೆ. ಅದು ನಿಮ್ಮ ಮಗುವಿನದೂ ಆಗಿರಬಹುದು.