ನಿಮ್ಮ ಡೇಟಾಬೇಸಿಗೆ ಯಾವ ಡಿಸ್ಕ್? ಕೊಬ್ಬರಿ ಟೆಂಡರ್ ಇಟ್ಟುಕೊಂಡು ಒಂದು ಲೆಕ್ಕ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕೆಂಕೆರೆ ಕಡೆಯವರಿಗೆ ಸ್ಟೋರೇಜ್ ಅಂದರೆ ಏನು ಅಂತ ಕ್ಲಾಸಿನಲ್ಲಿ ಹೇಳಿಕೊಡಬೇಕಾಗಿಲ್ಲ. ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿ ಆಗತ್ತೆ. ಅಟ್ಟ ಕಟ್ಟಿಸೋವಾಗ ಎರಡು ವಿಷಯ ನೋಡಬೇಕು: ಎಷ್ಟು ಸಾವಿರ ಕಾಯಿ ಹಿಡಿಸತ್ತೆ, ಕಾಯಿ ಹತ್ತಿಸೋಕೆ ಇಳಿಸೋಕೆ ಏಣಿ ಹೇಗಿದೆ. ಕ್ಲೌಡಿನಲ್ಲಿ ಡಿಸ್ಕ್ ತಗೊಳ್ಳೋವಾಗ ನಮ್ಮಲ್ಲಿ ಹೆಚ್ಚಿನವರು ಮೊದಲನೇದನ್ನ ಮಾತ್ರ ನೋಡ್ತೀವಿ. ಎಷ್ಟು ಜಿಬಿ, ತಿಂಗಳಿಗೆ ಎಷ್ಟು ದುಡ್ಡು, ಅಷ್ಟೆ. ಈ ಲೇಖನ ಏಣಿಯ ಬಗ್ಗೆ.

ಎಸ್3 ಥರದ ಆಬ್ಜೆಕ್ಟ್ ಸ್ಟೋರೇಜಿನಲ್ಲಿ ಫೈಲನ್ನು ಇಡಿಯಾಗಿ ಇಡ್ತೀವಿ, ಇಡಿಯಾಗಿ ತೆಗೀತೀವಿ. ಬ್ಲಾಕ್ ಸ್ಟೋರೇಜ್ ಹಾಗಲ್ಲ. ಅದು ನೆಟ್‌ವರ್ಕ್ ಮೂಲಕ ನಿಮ್ಮ ವರ್ಚುವಲ್ ಮೆಷಿನ್ನಿಗೆ ಅಂಟಿಕೊಂಡಿರೋ ಖಾಲಿ ಹಾರ್ಡ್‌ಡಿಸ್ಕ್. ಫಾರ್ಮ್ಯಾಟ್ ಮಾಡಬೇಕು, ಮೌಂಟ್ ಮಾಡಬೇಕು. ಪೋಸ್ಟ್‌ಗ್ರೆಸ್ 8 ಕೆಬಿ, ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ 16 ಕೆಬಿ ಪೇಜುಗಳನ್ನ ಇದ್ದ ಜಾಗದಲ್ಲೇ ತಿದ್ದತ್ತೆ. ಅದಕ್ಕೇ ಡೇಟಾಬೇಸಿಗೆ ಬ್ಲಾಕ್ ಸ್ಟೋರೇಜೇ ಬೇಕು. ಸೆಕೆಂಡಿಗೆ ಎಷ್ಟು ಸಲ ಹತ್ತಿ ಇಳೀಬಹುದು ಅನ್ನೋದು ಐಒಪಿಎಸ್. ಒಟ್ಟು ಎಷ್ಟು ಭಾರ ಸಾಗತ್ತೆ ಅನ್ನೋದು ಥ್ರೂಪುಟ್. ಎರಡೂ ಬೇರೆ ಬೇರೆ ಮಿತಿ.

ಈಗ ಕೆಲಸದ ಆಕಾರ ನೋಡೋಣ. ಕೆಂಕೆರೆಯಂಥ ಊರುಗಳ ಕೊಬ್ಬರಿಗೆ ದೊಡ್ಡ ಮಾರುಕಟ್ಟೆ ತಿಪಟೂರು. 2014ರಿಂದ ಕರ್ನಾಟಕದ ಎಪಿಎಂಸಿಗಳು ಒಂದೊಂದಾಗಿ ಏಕೀಕೃತ ಮಾರುಕಟ್ಟೆ ವೇದಿಕೆಗೆ ಸೇರಿದವು. ಪ್ರತಿ ಲಾಟಿಗೂ ಒಂದು ನಂಬರ್ ಬೀಳತ್ತೆ, ವರ್ತಕರು ಕಂಪ್ಯೂಟರಿನಲ್ಲಿ ಧಾರಣೆ ಹಾಕ್ತಾರೆ, ಹೊತ್ತು ಮುಗಿದ ಮೇಲೆ ಹೆಚ್ಚು ಬೆಲೆ ಯಾರದು ಅಂತ ಗೊತ್ತಾಗತ್ತೆ. ಇಂಥದ್ದೇ ಒಂದು ಪುಟ್ಟ ಟೆಂಡರ್ ಆ್ಯಪ್ ನಿಮ್ಮ ಪ್ರಾಜೆಕ್ಟ್ ಅಂದುಕೊಳ್ಳಿ. ಡೇಟಾ 40 ಜಿಬಿ. ದಿನವಿಡೀ ತಣ್ಣಗಿರತ್ತೆ, ಕೊನೇ ಒಂದು ಗಂಟೆ ಸತತವಾಗಿ 2,500 ಐಒಪಿಎಸ್ ಬೇಕು ಅಂತ ಇಟ್ಟುಕೊಳ್ಳೋಣ.

ಎಡಬ್ಲ್ಯೂಎಸ್‌ನ ಇಬಿಎಸ್‌ನಲ್ಲಿ ಹಳೇ ಜಿಪಿ2 ಡಿಸ್ಕ್ ತಗೊಂಡರೆ ಜಿಬಿಗೆ 3 ಐಒಪಿಎಸ್. ನಮ್ಮ 40 ಜಿಬಿಗೆ ಬರೋದು 120. ಇಷ್ಟರಲ್ಲಿ ಹೇಗಪ್ಪಾ ಅಂದರೆ, 3,000ದವರೆಗೆ ಓಡೋಕೆ 54 ಲಕ್ಷ ಕ್ರೆಡಿಟ್ ಕೊಟ್ಟಿರ್ತಾರೆ. 2,500 ಖರ್ಚು, 120 ಜಮೆ. ಸೆಕೆಂಡಿಗೆ 2,380 ಕರಗತ್ತೆ. 54 ಲಕ್ಷವನ್ನ 2,380ರಿಂದ ಭಾಗಿಸಿ: ಸುಮಾರು 2,269 ಸೆಕೆಂಡ್, ಅಂದರೆ 38 ನಿಮಿಷ. ಅಲ್ಲಿಗೆ ಡಿಸ್ಕ್ 120ಕ್ಕೆ ಕುಸಿಯತ್ತೆ. ಟೆಂಡರ್ ಮುಗಿಯೋಕೆ ಇನ್ನೂ 22 ನಿಮಿಷ ಇದೆ, ಧಾರಣೆ ಏರಿಸೋಕೆ ವರ್ತಕರು ಕಾಯ್ತಿರೋದೇ ಆ ಹೊತ್ತಿಗೆ. ಏರಿಸಿದ ಧಾರಣೆ ಡೇಟಾಬೇಸಿಗೆ ಸೇರದಿದ್ದರೆ ನಷ್ಟ ಒಂದು ವರ್ಷ ಕಾಯಿ ಕಾದವನಿಗೆ. ಖಾಲಿಯಾದ ಕ್ರೆಡಿಟ್ ಪೂರ್ತಿ ತುಂಬೋಕೆ, ಡಿಸ್ಕನ್ನ ಯಾರೂ ಮುಟ್ಟದಿದ್ದರೂ, ಹನ್ನೆರಡೂವರೆ ಗಂಟೆ ಬೇಕು.

ಇಲ್ಲಿ ಮೋಸ ಹೋಗೋದು ಟೆಸ್ಟಿಂಗಿನಲ್ಲಿ. ನಾವು ಹತ್ತು ನಿಮಿಷ ಲೋಡ್ ಹಾಕಿ, ಗ್ರಾಫ್ ಚೆನ್ನಾಗಿದೆ ಅಂತ ರಿಪೋರ್ಟಿಗೆ ಅಂಟಿಸ್ತೀವಿ. ಹತ್ತು ನಿಮಿಷದಲ್ಲಿ ಈ ಡಿಸ್ಕ್ ಯಾವತ್ತೂ ಫೇಲ್ ಆಗಲ್ಲ!

ಮುಂಚೆ ಇದಕ್ಕೆ ಪರಿಹಾರ ಅಂತ 40 ಜಿಬಿ ಡೇಟಾಗೆ 1,000 ಜಿಬಿ ಡಿಸ್ಕ್ ಕೊಳ್ತಿದ್ದರು, 3,000 ಐಒಪಿಎಸ್ ಸಿಗಲಿ ಅಂತ. ಏಣಿ ಅಗಲ ಬೇಕು ಅಂತ ಇಪ್ಪತ್ತೈದು ಪಟ್ಟು ದೊಡ್ಡ ಅಟ್ಟ ಕಟ್ಟಿಸಿದ ಹಾಗೆ. 2020ರ ಡಿಸೆಂಬರಿನಲ್ಲಿ ಬಂದ ಜಿಪಿ3 ಎರಡನ್ನೂ ಬೇರೆ ಮಾಡಿತು. ಡಿಸ್ಕ್ ಎಷ್ಟೇ ಚಿಕ್ಕದಿರಲಿ 3,000 ಐಒಪಿಎಸ್, 125 ಎಂಬಿ ಥ್ರೂಪುಟ್ ಜೊತೆಗೇ ಬರತ್ತೆ. ಹೆಚ್ಚು ಬೇಕಾದರೆ ಅದಕ್ಕೆ ಮಾತ್ರ ದುಡ್ಡು. ಕ್ರೆಡಿಟ್ ಲೆಕ್ಕವೇ ಇಲ್ಲ, ಜಿಬಿ ಬೆಲೆಯೂ ಜಿಪಿ2ಗಿಂತ ಶೇ. 20ರಷ್ಟು ಕಡಿಮೆ. ಡಿಸ್ಕ್ ಬಿಚ್ಚದೆ, ಓಡ್ತಿರೋವಾಗಲೇ ಬದಲಾಯಿಸಬಹುದು. ಇಷ್ಟಿದ್ದೂ ಹಳೇ ಟ್ಯುಟೋರಿಯಲ್‌ನಿಂದ ಕಾಪಿ ಹೊಡೆದ ಸ್ಕ್ರಿಪ್ಟುಗಳಲ್ಲಿ ಜಿಪಿ2 ಹಾಗೇ ಕೂತಿರತ್ತೆ. ನಿಮ್ಮದನ್ನ ಒಮ್ಮೆ ತೆಗೆದು ನೋಡಿ.

ಅಜೂರ್‌ನಲ್ಲಿ ಪ್ರೀಮಿಯಂ ಎಸ್‌ಎಸ್‌ಡಿ ಅಳತೆ ಮೆಟ್ಟಿಲು ಮೆಟ್ಟಿಲಾಗಿದೆ. 40 ಜಿಬಿ ಬೇಕಂದರೆ 64 ಜಿಬಿಯ ಪಿ6ಗೆ ದುಡ್ಡು ಕೊಡಬೇಕು, ಅದರ ಮೂಲ ವೇಗ 240 ಐಒಪಿಎಸ್. 3,500ರವರೆಗೆ ಹಾರಬಹುದು, ಆದರೆ ಪೂರ್ತಿ ವೇಗದಲ್ಲಿ 30 ನಿಮಿಷ ಅಷ್ಟೆ. ಅದೇ ಕಥೆ. ಪ್ರೀಮಿಯಂ ಎಸ್‌ಎಸ್‌ಡಿ ವಿ2 ಮಾತ್ರ ಜಿಪಿ3 ದಾರಿಯದ್ದು, 3,000 ಮತ್ತು 125 ಎಂಬಿ ಸೇರಿಯೇ ಬರತ್ತೆ. ಅದನ್ನ ಓಎಸ್ ಡಿಸ್ಕ್ ಆಗಿ ಬಳಸೋಕಾಗಲ್ಲ, ಡೇಟಾಗೆ ಮಾತ್ರ. ಗೂಗಲ್‌ನ ಪರ್ಸಿಸ್ಟೆಂಟ್ ಡಿಸ್ಕಿನಲ್ಲಿ ಕ್ರೆಡಿಟ್ ಪದ್ಧತಿ ಇಲ್ಲ. ಬ್ಯಾಲೆನ್ಸ್ಡ್ ಆದರೆ ಜಿಬಿಗೆ 6, ಎಸ್‌ಎಸ್‌ಡಿ ಆದರೆ 30ರಂತೆ ಏರತ್ತೆ, ಜೊತೆಗೆ ಪ್ರತಿ ಮೆಷಿನ್ನಿಗೂ ಒಂದು ಮೂಲ ಪಾಲು. ನಮ್ಮ ಟೆಂಡರಿಗೆ ನಾನಾದರೆ ಜಿಪಿ3 ಅಥವಾ ವಿ2 ಹಾಕ್ತೀನಿ. ಮಂಡಿಯಲ್ಲಿ ನಾಲ್ಕೈದು ಜನ ಟ್ಯಾಲಿ ನೋಡೋಕೆ ಇಷ್ಟೆಲ್ಲ ಬೇಡ, ಅಗ್ಗದ ಸ್ಟ್ಯಾಂಡರ್ಡ್ ಎಸ್‌ಎಸ್‌ಡಿ ಸಾಕು.

ಡಿಸ್ಕ್ ಸರಿಮಾಡಿದರೂ ಕೆಲಸ ಮುಗಿಯಲ್ಲ. ಮೆಷಿನ್ನಿಗೂ ತನ್ನದೇ ಮಿತಿ ಇದೆ. ಟಿ3 ಮೀಡಿಯಂ ಇನ್‌ಸ್ಟನ್ಸ್ ಇಬಿಎಸ್ ಜೊತೆ ಸದಾಕಾಲ ನಡೆಸಬಲ್ಲದ್ದು 2,000 ಐಒಪಿಎಸ್. ಅದಕ್ಕೂ ಮೇಲೆ ಹೋಗತ್ತೆ, ಆದರೆ ಗರಿಷ್ಠ ವೇಗಕ್ಕೆ ಭರವಸೆ ಇರೋದು ದಿನಕ್ಕೆ 30 ನಿಮಿಷದ್ದು. 3,000ದ ಡಿಸ್ಕ್ ಅಂಟಿಸಿ, ಅದೇ ಗುಂಡಿಗೆ ಇನ್ನೊಂದು ಕಡೆಯಿಂದ ಬಿದ್ದಿರ್ತೀರಿ. ಎಂ5 ಲಾರ್ಜ್ ಆದರೆ 3,600, ನಮ್ಮ ಲೆಕ್ಕಕ್ಕೆ ಸಾಲತ್ತೆ.

ಇನ್ನು ಡೇಟಾ ಉಳಿಯೋ ಮಾತು. ಇಬಿಎಸ್ ಡಿಸ್ಕ್ ಇರೋದು ಒಂದೇ ಅವೈಲೆಬಿಲಿಟಿ ಝೋನಿನಲ್ಲಿ. ಜಿಪಿ3ಗೆ ಹೇಳೋ ಬಾಳಿಕೆ ಶೇ. 99.8ರಿಂದ 99.9; ಸಾವಿರ ಡಿಸ್ಕಿದ್ದರೆ ವರ್ಷಕ್ಕೆ ಒಂದೆರಡು ಹೋಗಬಹುದು. ಐಒ2ಗೆ 99.999. ಗೂಗಲ್‌ನ ರೀಜನಲ್ ಡಿಸ್ಕ್ ಎರಡು ಝೋನಿಗೆ, ಅಜೂರ್‌ನ ಝಡ್‌ಆರ್‌ಎಸ್ ಮೂರು ಝೋನಿಗೆ ಒಟ್ಟಿಗೇ ಬರೆಯತ್ತೆ, ಹಾಗಾಗಿ ಪ್ರತಿ ಬರಹ ತುಸು ನಿಧಾನ. ಸ್ನ್ಯಾಪ್‌ಶಾಟ್ ಇದೆಯಲ್ಲ ಅಂತ ನಿಶ್ಚಿಂತೆ ಬೇಡ: ಸ್ನ್ಯಾಪ್‌ಶಾಟಿನಿಂದ ಹುಟ್ಟಿದ ಇಬಿಎಸ್ ಡಿಸ್ಕ್ ಪ್ರತಿ ಬ್ಲಾಕನ್ನೂ ಮೊದಲ ಸಲ ಓದೋವಾಗ ಎಸ್3ಯಿಂದ ಎಳೆದು ತರತ್ತೆ, ಶುರುವಿನಲ್ಲಿ ತೆವಳತ್ತೆ. ಟೆಂಡರ್ ದಿನ ಬೆಳಿಗ್ಗೆ ರಿಸ್ಟೋರ್ ಮಾಡಿದರೆ ಮಧ್ಯಾಹ್ನ ಗೊತ್ತಾಗತ್ತೆ.

ಲ್ಯಾಬಿನಲ್ಲಿ ನೋಡಬೇಕಂದರೆ 40 ಜಿಬಿಯ ಜಿಪಿ2 ಒಂದು, ಜಿಪಿ3 ಒಂದು ತಗೊಂಡು ಎಂ5 ಲಾರ್ಜಿಗೆ ಒಂದಾದ ಮೇಲೆ ಒಂದು ಅಂಟಿಸಿ. ಫಿಯೊ ಟೂಲಿನಲ್ಲಿ 16 ಕೆಬಿ, ಶೇ. 70 ಓದು, ಶೇ. 30 ಬರಹ, ರ್‍ಯಾಂಡಮ್, ಡೈರೆಕ್ಟ್ ಐಒ ಆನ್, ವೇಗ 2,500ಕ್ಕೆ ಕಟ್ಟಿ, ಹೊತ್ತು 60 ನಿಮಿಷ. ಪಕ್ಕದಲ್ಲಿ ಕ್ಲೌಡ್‌ವಾಚಿನ ಬರ್ಸ್ಟ್ ಬ್ಯಾಲೆನ್ಸ್ ಗ್ರಾಫ್ ತೆಗೆದಿಡಿ. 35ನೇ ನಿಮಿಷಕ್ಕೆ ಕಾಫಿ ಮುಗಿಸಿ ವಾಪಸ್ ಬಂದಿರಿ. ಕೆಲಸ ಆದ ಮೇಲೆ ಎರಡೂ ಡಿಸ್ಕನ್ನ ಡಿಲೀಟ್ ಮಾಡಿ. ಮೆಷಿನ್ ಆಫ್ ಮಾಡಿದರೂ ಡಿಸ್ಕಿನ ಬಾಡಿಗೆ ನಿಲ್ಲಲ್ಲ.